ಎರಡು ನಿಮಿಷ ಹನ್ನೊಂದು ಸೆಕೆಂಡು

ಫೌಂಟನ್ನಿನ ಫುಟ್‌ಪಾತಿನಲ್ಲಿ, ಹಳೆ ಕಾನೂನು ಪುಸ್ತಕಗಳ ಪಕ್ಕ
ಪ್ಲಾಸ್ಟಿಕ್ ಹಾಳೆಯ ಮೇಲೆ ಬಿದ್ದಿತ್ತು:
ನಾಲ್ಕು ಎಲ್ಪಿ, ಎರಡು ಸೀಡಿಯಲ್ಲಿ, ನೂರೈವತ್ತು ರೂಪಾಯಿ.
ಲೆನ್ ಟ್ಯಾರಂಟ್. ಲಂಡನ್ನಿನ ಡ್ರಮ್ಮರ್.
ಮೊದಮೊದಲು ನುಡಿಸಿದ್ದೆಲ್ಲ.
ನಾಲ್ಕು ಮುಖಪುಟಗಳನ್ನೂ ಅಂಚೆಚೀಟಿಯಷ್ಟಕ್ಕೆ ಕುಗ್ಗಿಸಿ
ಒಂದೇ ಹಾಳೆಯಲ್ಲಿ ಒತ್ತಿದ್ದಾರೆ.
ಬಾಸ್ ನುಡಿಸಿದವನ ಹೆಸರೇ ಇಲ್ಲ,
ಪಿಯಾನೋದವನದು ಎರಡು ಕಡೆ ಎರಡು ಥರ.
ಅಗ್ಗದ ಮಾಲೆಂದು ಅದಕ್ಕೂ ಗೊತ್ತು, ನಾಚಿಕೆಯಿಲ್ಲ.

ನೂರಿಪ್ಪತ್ತಕ್ಕೆ ಕೇಳಿದೆ. ಕೊಟ್ಟ.

ಅರವತ್ನಾಲ್ಕರಲ್ಲಿ ನಾನು ಧೋಬಿ ತಲಾವಿನ ಹೋಟೆಲಿನ ಮಾಣಿ.
ಹಗಲು ಲೋಟ, ರಾತ್ರಿ ಕೋಟೆಯ ಕನ್ನಡ ಶಾಲೆ,
ನಡುವೆ ನಾಲ್ಕು ಗಂಟೆಗೆ
ಎದುರು ಕಟ್ಟಡದ ಮೂರನೇ ಮಾಳಿಗೆಗೆ ಚಹಾ.
ಅದು ಕುಡ್ತರಿ ಊರಿನವರ ಕುಡ್.
ಗೋಡೆಯುದ್ದಕ್ಕೂ ತಗಡಿನ ಪೆಟ್ಟಿಗೆ, ಒಂದೊಂದರ ಮೇಲೂ ಹೆಸರು,
ಹಡಗಿಗೆ ಹೋದವರ ಹಾಸಿಗೆ ಸುರುಳಿ,
ಮೂಲೆಯಲ್ಲಿ ಮೇರಿಯಮ್ಮ, ಮುಂದೆ ಮೇಣದ ಬತ್ತಿ.
ಇನಾಸ್ ರೆಬೆಲೊ ಹಡಗಿಗೆ ಹೋಗಲಿಲ್ಲ.
ರಾತ್ರಿ ಚರ್ಚ್‌ಗೇಟಿನ ಹೋಟೆಲಿನಲ್ಲಿ ಡ್ರಮ್ಮು, ಹಗಲು ನಿದ್ದೆ,
ನಾಲ್ಕಕ್ಕೆ ಎದ್ದರೆ ಒಂದೇ ಒಂದು ಎಲ್ಪಿ,
ಖಲಾಸಿ ತಮ್ಮ ಟಿಲ್ಬರಿಯಿಂದ ತಂದದ್ದು.

ನನಗೆ ಗೊತ್ತಿದ್ದದ್ದು ಚೆಂಡೆ.
ಮೂರು ಬಯಲಾಚೆಯಿಂದ ಕರೆಯುವುದು.
ಈ ಟ್ಯಾರಂಟ್ ಯಾರನ್ನೂ ಕರೆಯುತ್ತಿರಲಿಲ್ಲ.
ಸೊರ್ ಸೊರ್, ಸೊರ್ ಸೊರ್,
ತನ್ನಷ್ಟಕ್ಕೆ ತಾನು.
"ಬ್ರಶ್ಶು ಇದು," ಎಂದ ಇನಾಸ್, "ಕೋಲಲ್ಲ, ತಂತಿಯ ಕುಚ್ಚು."
ನಾನು ನಕ್ಕುಬಿಟ್ಟೆ. ಇದು ನಮ್ಮ ವಾಸು ಭಟ್ಟರ ಸದ್ದು!
ಕಾದ ಕಾವಲಿಗೆ ನೀರು ಚಿಮುಕಿಸಿ
ಕಡ್ಡಿಯ ಹಿಡಿಸೂಡಿಯಲ್ಲಿ ಒಂದು ಸುತ್ತು ಗುಡಿಸಿ
ಮುಂದಿನ ದೋಸೆಗೆ ಜಾಗ ಮಾಡುವ ಸದ್ದು.
ಇನಾಸ್ ನಗಲಿಲ್ಲ. ಮರುದಿನ ಇಳಿದು ಬಂದು
ಅಡಿಗೆಮನೆಯ ಬಾಗಿಲಲ್ಲಿ ನಿಂತು
ಹನ್ನೊಂದು ದೋಸೆ ಆಗುವವರೆಗೂ ಕಣ್ಣು ಮುಚ್ಚಿ ಕೇಳಿದ.
ಒಂದನ್ನೂ ತಿನ್ನಲಿಲ್ಲ.
ಭಟ್ಟರಿಗೆ ಸಿಟ್ಟು ಬಂದದ್ದು ಅದಕ್ಕೇ.

ಆ ಗೀರು ನನ್ನದು.
ಲೋಟ ಇಡಲು ಬಗ್ಗಿದೆ, ಮೊಣಕೈ ತಾಗಿತು,
ಮುಳ್ಳು ಕಿರ್ರೆಂದು ಜಾರಿತು.
ಕೊಂಕಣಿಯಲ್ಲಿ ಒಂದೇ ಮಾತು ಬೈದ;
ಅದರ ಅರ್ಥ ಇವತ್ತಿಗೂ ಯಾರನ್ನೂ ಕೇಳಿಲ್ಲ.
ಆಮೇಲೆ ಪ್ರತಿ ಸಂಜೆ ಆ ಜಾಗ ಬಂದಾಗ
ಟಕ್, ಟಕ್, ತುಸು ತಡೆದು, ಟಕ್.
ಚಮಚದಿಂದ ಪೆಟ್ಟಿಗೆಗೆ ಬಡಿದು ಇನಾಸ್ ಜೊತೆ ಸೇರುತ್ತಿದ್ದ,
ಟ್ಯಾರಂಟನಿಗೆ ಹೊಳೆಯದೆ ಹೋದ ಪೆಟ್ಟು ಅದು ಎಂಬಂತೆ.
ಒಂದು ದಿನ ಚಮಚ ನನ್ನ ಕೈಗೆ ಕೊಟ್ಟ:
ಗೀರಿದವನೇ ನುಡಿಸಲಿ.

ಈಗ ಡೊಂಬಿವಲಿ, ರಾತ್ರಿ ಒಂಬತ್ತೂವರೆ.
ಮೂಲ ಟೇಪು ಸಿಗಲಿಲ್ಲವೆಂದು ಅವರು ಎಲ್ಲೂ ಬರೆದಿಲ್ಲ,
ಕೇಳಿದರೆ ತಿಳಿಯುತ್ತದೆ.
ಯಾರದೋ ಹಳೆ ಎಲ್ಪಿಯನ್ನೇ ತಿರುಗಿಸಿ
ದೂಳು ಸಮೇತ ಇಳಿಸಿಕೊಂಡಿದ್ದಾರೆ.
ಮೂರನೆಯದು. ಎರಡು ನಿಮಿಷ ಹನ್ನೊಂದು ಸೆಕೆಂಡು.
ಟಕ್, ಟಕ್,
ಟಕ್.

ಅದೇ ಇರಲಾರದು. ಲೋಕದಲ್ಲಿ ಗೀರಿಗೆ ಬರವೇ,
ಮೊಣಕೈಗೆ ಬರವೇ?
ಇನಾಸ್ ತೀರಿದ ಮೇಲೆ ಕುಡ್‌ನವರು
ಪೆಟ್ಟಿಗೆಯನ್ನು ಚೋರ್ ಬಜಾರಿಗೆ ಹಾಕಿದರೆಂದು ಕೇಳಿದ್ದೆ.
ಅಲ್ಲಿ ಬಿಳಿಯರೂ ಬಂದು ಕುಕ್ಕರುಗಾಲಲ್ಲಿ ಕೂತು ಹುಡುಕುತ್ತಿದ್ದರು.
ಅಷ್ಟೇ ನನಗೆ ಗೊತ್ತಿರುವುದು.
ಉಳಿದದ್ದನ್ನು, ಪೋರ್ಟ್ ಟ್ರಸ್ಟಿನಲ್ಲಿ ಮೂವತ್ತೊಂದು ವರ್ಷ
ಸರಕುಪಟ್ಟಿ ಬರೆದ ಕೈ ತಾನೇ ಬರೆದುಕೊಳ್ಳುತ್ತದೆ:
ಎಲ್ಪಿ ಒಂದು, ಬಳಸಿದ್ದು, ಗೀರು ಇದೆ,
ಟಿಲ್ಬರಿಗೆ ವಾಪಸು.

"ಸೀಡಿ ಹಾಳಾಗಿದೆ, ನಾಳೆ ತಿರುಗಿ ಕೊಡಿ," ಎಂದಳು ವಾರಿಜ.
ಹಾಳಾಗಿಲ್ಲ ಎಂದೆ. ಮತ್ತೆ ಹಾಕಿದೆ.
ಮೇಜಿನ ಮೇಲೆ, ಮಜ್ಜಿಗೆಯ ಬಟ್ಟಲಲ್ಲಿ, ಚಮಚವಿತ್ತು.
ಇಷ್ಟು ವರ್ಷದಲ್ಲಿ ಕೈ ಮಂದವಾಗಿರಬೇಕು ಅಂದುಕೊಂಡಿದ್ದೆ.
ಇಲ್ಲ, ಅವಸರ ಹೆಚ್ಚಾಗಿದೆ:
ಗೀರು ಬರುವ ಮೊದಲೇ
ಹೊಡೆದುಬಿಟ್ಟೆ.